ಪ್ಯಾನೆಲ್ ಆಮೇಲೆ, ಮೊದಲು ಲೈನ್ ಎಲ್ಲಿ ಅಂತ ಹೇಳಿ

ಹೊಸ ಸೋಲಾರ್ ಪಾರ್ಕ್ ಶುರುವಾದರೆ ಫೋಟೋ ಬರುತ್ತದೆ, ಇಷ್ಟು ಮೆಗಾವ್ಯಾಟ್ ಅಂತ ಸುದ್ದಿ ಬರುತ್ತದೆ. ಆ ಕರೆಂಟ್ ಯಾವ ಲೈನಿನಲ್ಲಿ, ಯಾರ ಹೊಲದ ಮೇಲೆ ಹಾದು ಬರುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಕಲ್ಲಿದ್ದಲನ್ನು ರೈಲಿನಲ್ಲಿ ತುಂಬಿ ಬೇಕಾದ ಕಡೆ ಒಯ್ಯಬಹುದು. ಗಾಳಿ, ಬಿಸಿಲು ಇರುವ ಕಡೆಗೆ ನಾವೇ ಹೋಗಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಹಾಗಾಗಿ ಜಾಗದ ಆಯ್ಕೆ ಸಣ್ಣ ವಿಷಯ ಅಲ್ಲವೇ ಅಲ್ಲ. ಒಳ್ಳೆ ಜಾಗಗಳು ಸಾಮಾನ್ಯವಾಗಿ ದೊಡ್ಡ ನಗರಗಳಿಂದ ದೂರ ಇರುತ್ತವೆ. ಇನ್ನೊಂದು ತೊಡಕು ಸಮಯದ್ದು. ಸೋಲಾರ್, ಗಾಳಿ ಯೋಜನೆಗಳು ಒಂದರಿಂದ ಐದು ವರ್ಷದಲ್ಲಿ ಮುಗಿಯುತ್ತವೆ, ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ಲೈನ್‌ಗಳ ಜಾಲದ ಕೆಲಸಕ್ಕೆ ಐದರಿಂದ ಹದಿನೈದು ವರ್ಷ ಬೇಕು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಹೇಳಿತ್ತು. ಆಗ ಪ್ರಪಂಚದಲ್ಲಿ ಕನಿಷ್ಠ 3,000 ಗಿಗಾವ್ಯಾಟ್‌ನಷ್ಟು ಯೋಜನೆಗಳು ಗ್ರಿಡ್ ಸಂಪರ್ಕಕ್ಕಾಗಿ ಸಾಲಿನಲ್ಲಿ ನಿಂತಿದ್ದವು.

ಟೆಕ್ಸಾಸ್ ಮಾಡಿದ್ದನ್ನು ನೋಡಿ. ಅಲ್ಲಿ ಗಾಳಿ ಇರುವುದು ಪಶ್ಚಿಮದಲ್ಲಿ, ಜನ ಇರುವುದು ಪೂರ್ವದಲ್ಲಿ. ಲೈನ್ ಇಲ್ಲ ಅಂತ ಗಾಳಿಯಂತ್ರ ಹಾಕುವವರು ಬರುವುದಿಲ್ಲ, ಯಂತ್ರಗಳೇ ಇಲ್ಲ ಅಂತ ಲೈನ್ ಎಳೆಯುವವರು ಬರುವುದಿಲ್ಲ. 2005ರಲ್ಲಿ ಕಾನೂನು ಮಾಡಿ, ಗಾಳಿ ಚೆನ್ನಾಗಿರುವ ಐದು ವಲಯ ಗುರುತಿಸಿ, ಯಂತ್ರಗಳು ಬರುವ ಮುಂಚೆಯೇ ಅಲ್ಲಿಗೆ ಲೈನ್ ಎಳೆಯುವುದು ಅಂತ ತೀರ್ಮಾನಿಸಿದರು. ಸುಮಾರು 700 ಕೋಟಿ ಡಾಲರ್ ಖರ್ಚಾಯಿತು, ಅದನ್ನು ಗ್ರಿಡ್‌ನ ಎಲ್ಲ ಬಳಕೆದಾರರ ಮೇಲೆ ಹಂಚಿದರು. 2009ರಲ್ಲಿ ಅಲ್ಲಿ ಸಿಗಬಹುದಾಗಿದ್ದ ಗಾಳಿ ವಿದ್ಯುತ್ತಿನಲ್ಲಿ ಶೇ. 17ರಷ್ಟು ಸುಮ್ನೆ ವ್ಯರ್ಥವಾಗುತ್ತಿತ್ತು, ಸಾಗಿಸೋಕೆ ದಾರಿ ಇಲ್ಲದೆ. ಲೈನ್‌ಗಳು ಮುಗಿದ ಮೇಲೆ, 2014ರಲ್ಲಿ, ಅದು ಶೇ. 1ಕ್ಕಿಂತ ಕಡಿಮೆ ಆಯಿತು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಜರ್ಮನಿಯದು ಬೇರೆ ಕಥೆ. ಉತ್ತರದ ಗಾಳಿ ವಿದ್ಯುತ್ತನ್ನು ದಕ್ಷಿಣಕ್ಕೆ ತರುವ ಸುಮಾರು 700 ಕಿಲೋಮೀಟರ್‌ನ ಸೂಡ್‌ಲಿಂಕ್ ಮಾರ್ಗ 2022ಕ್ಕೆ ಮುಗಿಯಬೇಕಿತ್ತು. ದೊಡ್ಡ ಟವರ್‌ಗಳಿಗೆ ಜನ ವಿರೋಧ ಮಾಡಿದರು. 2015ರ ಕೊನೆಯಲ್ಲಿ ಕಾನೂನು ಬದಲಾಗಿ ಲೈನ್ ನೆಲದಡಿಗೆ ಹೋಯಿತು, ಪ್ಲಾನ್ ಮತ್ತೆ ಮೊದಲಿಂದ ಮಾಡಬೇಕಾಯಿತು, ಗಡುವು 2028ಕ್ಕೆ ಹೋಯಿತು. ಅಲ್ಲಿಯವರೆಗೆ ಉತ್ತರದಲ್ಲಿ ಗಾಳಿಯಂತ್ರ ನಿಲ್ಲಿಸುವುದು, ದಕ್ಷಿಣದಲ್ಲಿ ಬೇರೆ ಸ್ಥಾವರ ಹಚ್ಚುವುದು, ಎರಡಕ್ಕೂ ದುಡ್ಡು ಕೊಡುವುದು. ಆ ಜನರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲ ನಿರ್ಧಾರ ಆದ ಮೇಲೆ ನಕ್ಷೆ ತೋರಿಸಿ ಅಭಿಪ್ರಾಯ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ? ಗೆರೆಯನ್ನು ಇನ್ನೂ ಆಚೀಚೆ ಸರಿಸಬಹುದು ಅನ್ನುವ ಹಂತದಲ್ಲೇ ಜನರನ್ನು ಕರೆಯಬೇಕು.

ನಕ್ಷೆಯಲ್ಲಿ ‘ಖಾಲಿ ಜಾಗ’ ಅಂತ ಕಾಣುವುದರ ಬಗ್ಗೆಯೂ ನನಗೆ ಜಾಸ್ತಿ ಅನುಮಾನ. ಬೆಳೆ ಇಲ್ಲದ ನೆಲದಲ್ಲಿ ದನ ಕುರಿ ಮೇಯುತ್ತಿರಬಹುದು, ಅದು ಯಾರ ಹೆಸರಿನಲ್ಲೂ ಇರುವುದಿಲ್ಲ, ಹಾಗಾಗಿ ಪರಿಹಾರವೂ ಯಾರಿಗೂ ಸಿಗುವುದಿಲ್ಲ. ಬಸ್ಟರ್ಡ್‌ನಂಥ ಭಾರದ ಹಕ್ಕಿಗಳಿಗೆ ಹಾರುವಾಗ ಮುಂದಿನ ತಂತಿ ಸರಿಯಾಗಿ ಕಾಣುವುದಿಲ್ಲ, ಡಿಕ್ಕಿ ಹೊಡೆದು ಸಾಯುತ್ತವೆ. ಇದೆಲ್ಲ ಮೊದಲ ನಕ್ಷೆಯಲ್ಲೇ ಇರಬೇಕು.

ಹೊಸ ಲೈನ್ ಎಳೆಯುವ ಮುಂಚೆ ಹಳೆಯದನ್ನೂ ನೋಡಿ. ಎಷ್ಟೋ ಕಡೆ ಅದೇ ಟವರ್‌ಗಳ ಮೇಲೆ ಹೊಸ ಬಗೆಯ ತಂತಿ ಹಾಕಿದರೆ ಸುಮಾರು ಎರಡು ಪಟ್ಟು ಕರೆಂಟ್ ಸಾಗಿಸಬಹುದು. ಗಾಳಿ ರಾತ್ರಿ ಜೋರಿರುವ ಕಡೆ ಸೋಲಾರ್ ಕೂಡ ಹಾಕಿದರೆ ಒಂದೇ ಸಬ್‌ಸ್ಟೇಷನ್ ಎರಡಕ್ಕೂ ಸಾಕು. ಯಾವ ಸಬ್‌ಸ್ಟೇಷನ್‌ನಲ್ಲಿ ಇನ್ನೂ ಎಷ್ಟು ಮೆಗಾವ್ಯಾಟ್ ಹಿಡಿಸುತ್ತದೆ ಅನ್ನುವ ಮಾಹಿತಿ ಎಲ್ಲರಿಗೂ ಸಿಗುವ ಹಾಗೆ ನಕ್ಷೆಯ ಮೇಲೆ ಹಾಕಿದರೆ, ಯೋಜನೆ ಹಾಕುವವರು ಜಮೀನು ಹುಡುಕುವ ಮುಂಚೆ ಅದನ್ನೇ ನೋಡುತ್ತಾರೆ.