ರಿಂಗ್ ಕೊಟ್ರೆ ಮಾಯ ಆಗೋ ಫಾಲ್ಟು

ನಾನು ಲ್ಯಾಂಡ್‌ಲೈನ್ ಫೋನಿನ ಲೈನ್‌ಮನ್. ಡಾಕೆಟ್ (ಕಂಪ್ಲೇಂಟ್ ಚೀಟಿ) ಮೇಲೆ "ಟೆಸ್ಟೆಡ್ ಓಕೆ" ಅಂತ ಕಂಡ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ. ಹೋದ ಮಳೆಗಾಲದಲ್ಲಿ ಒಂದೇ ಮನೆ ಲೈನಿಗೆ ಮೇಲಿಂದ ಮೇಲೆ ಹಂಗೇ ಬರ್ದು ಕ್ಲೋಸ್ ಮಾಡ್ತಾ ಹೋದ್ವಿ, ಕೊನೆಗೊಂದು ರಾತ್ರಿ ಆ ಮನೆ ಅಜ್ಜಿಗೆ ಉಬ್ಬಸ ಜೋರಾಗಿ ಅಜ್ಜ ರಿಸೀವರ್ ಎತ್ತಿದ್ರೆ ಟೋನೇ ಇಲ್ಲ. ಪಾಪ, ಟಾರ್ಚ್ ಹಿಡ್ಕೊಂಡು ಮಳೇಲೇ ತೋಟ ದಾಟಿ ಪಕ್ಕದ ಮನೆಗೆ ಹೋಗಿ ಜೀಪ್ ಕರೆಸಿದ್ದಾರೆ. ಅಜ್ಜಿ ಹುಷಾರಾದ್ರು. ಆದ್ರೆ ಆ ಲೈನ್ ನನ್ನ ಏರಿಯಾದ್ದು.

ಮಲೆನಾಡಿನ ಘಟ್ಟದ ಇಳಿಜಾರಲ್ಲಿರೋ ಮನೆ, ಮೊಬೈಲ್ ಸಿಗ್ನಲ್ ಇಲ್ಲ, ಮಳೆ ಶುರುವಾದ್ರೆ ಕರೆಂಟ್ ವಾರಗಟ್ಲೆ ಇರಲ್ಲ. ಅಂಥ ಕಡೆ ತಾಮ್ರದ ಲೈನಿಗೆ ಬೆಲೆ ಇರೋದೇ ಅದು ಮನೆ ಕರೆಂಟಿನ ಹಂಗಲ್ಲಿ ಇಲ್ಲ ಅಂತ. ಎಕ್ಸ್‌ಚೇಂಜಿನ ಬ್ಯಾಟರಿಯಿಂದಾನೇ ಮೈನಸ್ 48 ವೋಲ್ಟ್ ಹೋಗುತ್ತೆ, ರಿಸೀವರ್ ಎತ್ತಿದ್ರೆ ಎರಡು ತಂತಿ ಕೂಡಿ ಲೂಪ್ ಆಗಿ ಕರೆಂಟ್ ಹರಿಯುತ್ತೆ, ಅದನ್ನ ಕಂಡು ಎಕ್ಸ್‌ಚೇಂಜ್ ಟೋನ್ ಕೊಡುತ್ತೆ. ಫೈಬರ್ ಹಾಕಿಸ್ಕೊಳ್ಳಿ ಅಂತ ಹೇಳೋದು ಸುಲಭ, ಆ ಡಬ್ಬಿಗೆ ಮನೇಲೇ ಕರೆಂಟ್ ಬೇಕಲ್ಲ.

ಅಜ್ಜ ಕಂಪ್ಲೇಂಟ್ ಕೊಟ್ಟಿದ್ದು ಸರಿಯಾಗೇ ಇತ್ತು. "ರಿಂಗ್ ಬರ್ತದೆ, ನಾವು ಎತ್ತಿದ್ರೂ ಆ ಕಡೆಯವ್ರಿಗೆ ರಿಂಗ್ ಆಗ್ತಾನೇ ಇರ್ತದಂತೆ. ನಾವಾಗಿ ಮಾಡೂಕೆ ಹೋದ್ರೆ ಟೋನ್ ಇಲ್ಲ. ಆಮೇಲೆ ಎಷ್ಟೋ ಹೊತ್ತು ಸರಿ ಇರ್ತದೆ." ಇಷ್ಟು ಹೇಳಿದ್ರೆ ಕಂಪ್ಲೇಂಟ್ ಡೆಸ್ಕಲ್ಲಿ ಟೈಪ್ ಆಗಿದ್ದು "ನೋ ಡಯಲ್ ಟೋನ್", ಅಷ್ಟೇ. ಸಾಫ್ಟ್‌ವೇರಲ್ಲಿ ಇರೋ ನಾಲ್ಕೈದು ಆಪ್ಷನ್ನಲ್ಲಿ ಒಂದು ಆರಿಸ್ಬೇಕು, ಗಿರಾಕಿ ಏನಂದ್ರು ಅಂತ ಬರೆಯೋಕೆ ಜಾಗ ಇಲ್ಲ. ಆ ಮೂರು ವಾಕ್ಯ ಹಂಗೇ ನನ್ನ ಕೈಗೆ ಬಂದಿದ್ರೆ ಅರ್ಧ ಕೆಲಸ ಅಲ್ಲೇ ಮುಗೀತಿತ್ತು.

ನಮ್ಮಲ್ಲಿ ಡಾಕೆಟ್ ಬಂದ ತಕ್ಷಣ ಡೆಸ್ಕಿನವ್ರು ರಿಂಗ್ ಕೊಟ್ಟು ನೋಡ್ತಾರೆ. ರಿಂಗ್ ಹೋಯ್ತು, ಅಜ್ಜ ಎತ್ತಿದ್ರು, ಮಾತು ಕೇಳಿಸ್ತು, ಕ್ಲೋಸ್. ನಾನು ಹೋದಾಗ್ಲೂ ಅದೇ ಕಥೆ, ರೋಸೆಟ್ (ಮನೆಯೊಳಗೆ ಫೋನ್ ಸಿಕ್ಕಿಸೋ ಡಬ್ಬಿ) ಬಿಚ್ಚಿ ಮೀಟರ್ ಇಟ್ರೆ 48 ವೋಲ್ಟ್ ನೆಟ್ಟಗೆ ತೋರಿಸುತ್ತೆ, ಟೆಸ್ಟ್ ಫೋನ್ ಹಾಕಿದ್ರೆ ಟೋನ್ ಇದೆ. ಇನ್‌ಸ್ಟ್ರುಮೆಂಟ್ ಮೇಲೆ ಅನುಮಾನ ಬಂದು ಬದಲಾಯಿಸಿದೆ, ರೋಸೆಟ್ ಬದಲಾಯಿಸಿದೆ. ಎಂಡಿಎಫಿಂದ (ಎಕ್ಸ್‌ಚೇಂಜಲ್ಲಿ ಎಲ್ಲಾ ಲೈನ್ ಬಂದು ಸೇರೋ ಚೌಕಟ್ಟು) ಮೆಗ್ಗರ್, ಅಂದ್ರೆ ಇನ್ಸುಲೇಷನ್ ಅಳೆಯೋ ಮೀಟರ್, ಹಾಕಿಸಿದ್ರೆ ಇನ್ಸುಲೇಷನ್ ಚೆನ್ನಾಗಿದೆ ಅಂತ ಬಂತು, ಆದ್ರೆ ಮೆಗ್ಗರ್ ಹಾಕಿದ್ದು ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ, ಅದನ್ನ ಆಗ ಯಾರೂ ಯೋಚನೆ ಮಾಡ್ಲಿಲ್ಲ.

ಅಜ್ಜಿ ಕಥೆ ಆದ್ಮೇಲೆ ನಿದ್ದೆ ಬರ್ಲಿಲ್ಲ. ನಮ್ಮಲ್ಲೇ ಇದ್ದು ರಿಟೈರ್ ಆದ ಹಿರಿಯ ಲೈನ್‌ಮನ್ ಒಬ್ರ ಮನೆಗೆ ಹೋಗಿ ಎಲ್ಲಾ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಎಚ್‌ಆರ್ ಜಾಯಿಂಟ್ ಮಾರಾಯ. ರಿಂಗ್ ಕೊಟ್ಮೇಲೆ ನೋಡಿದ್ರೆ ನಿಂಗೆಲ್ಲಿ ಸಿಕ್ತದೆ ಅದು? ರಿಂಗ್ ಹೊಡೀದೆ ನೋಡು, ಲೋಡ್ ಹಾಕಿ ನೋಡು" ಅಂದ್ರು. ಎಚ್‌ಆರ್ ಅಂದ್ರೆ ಹೈ ರೆಸಿಸ್ಟೆನ್ಸ್, ಕರೆಂಟ್ ಹರಿಯೋಕೆ ಬಿಡದ ಜಾಯಿಂಟ್; ಲೋಡ್ ಹಾಕೋದು ಅಂದ್ರೆ ಲೈನಲ್ಲಿ ಕರೆಂಟ್ ಹರಿಯೋ ಹಂಗೆ ಮಾಡಿ ನೋಡೋದು.

ಲೆಕ್ಕ ಹಾಕಿ ನೋಡಿದ್ರೆ ಪೂರ್ತಿ ಕೂಡ್ತು. ಎಕ್ಸ್‌ಚೇಂಜಿನ ಫೀಡಿಂಗ್ ರೆಸಿಸ್ಟೆನ್ಸ್ ಸುಮಾರು 400 ಓಮ್, 0.5 ಎಂಎಂ ಕೇಬಲ್ ಲೂಪಿಗೆ ಕಿಲೋಮೀಟರಿಗೆ 168ರ ಹತ್ತಿರ, ಮೂರು ಕಿಲೋಮೀಟರಿಗೆ 500, ಫೋನಿನದ್ದೊಂದು 300. ಒಳ್ಳೆ ಲೈನಾದ್ರೆ 40 ಮಿಲಿಆಂಪ್ ಆಸುಪಾಸು ಬರ್ಬೇಕು. ಮಧ್ಯೆ ಒಂದು ಜಾಯಿಂಟ್ ಕಿಲುಬು ಹಿಡ್ದು 10 ಸಾವಿರ ಓಮ್ ಆಯ್ತು ಅಂದ್ಕೊಳ್ಳಿ, ಕರೆಂಟ್ ನಾಲ್ಕೇ ಮಿಲಿಆಂಪ್. ರಿಸೀವರ್ ಎತ್ತಿದ್ದೇ ಎಕ್ಸ್‌ಚೇಂಜಿಗೆ ಗೊತ್ತಾಗಲ್ಲ, ಅದಕ್ಕೇ ಟೋನ್ ಇಲ್ಲ, ಅದಕ್ಕೇ ಎತ್ತಿದ್ರೂ ರಿಂಗ್ ನಿಲ್ಲಲ್ಲ. ಆದ್ರೆ ನನ್ನ ಡಿಜಿಟಲ್ ಮೀಟರ್ ಒಳಗೆ 10 ಮೆಗಾ ಓಮ್, ಅಂದ್ರೆ ಒಂದು ಕೋಟಿ ಓಮ್ ಇರುತ್ತೆ, ಅದರ ಮುಂದೆ 10 ಸಾವಿರ ಏನೂ ಅಲ್ಲ, 48 ವೋಲ್ಟೇ ತೋರಿಸುತ್ತೆ. ಅಜ್ಜಂಗೆ ಅಡಿಕೆ ತೋಟದ ಪೈಪ್ ತೋರಿಸಿ ಹೇಳಿದೆ, ಒಳಗೆ ಕಸ ಕಟ್ಟಿದ್ರೂ ನಲ್ಲಿ ಮುಚ್ಚಿರೋ ತನಕ ಪ್ರೆಶರ್ ಪೂರ್ತಿ ಇರುತ್ತೆ, ತೆರೆದಾಗ್ಲೇ ನೀರು ಬರಲ್ಲ ಅಂತ ಗೊತ್ತಾಗೋದು. ಅವ್ರಿಗೆ ತಟ್ಟಂತ ಅರ್ಥ ಆಯ್ತು.

ಇನ್ನು ರಿಂಗಿನ ವಿಷಯ. ರಿಂಗ್ ಅಂದ್ರೆ 75 ವೋಲ್ಟ್ ಎಸಿ, 25 ಹರ್ಟ್ಸ್, ಅದೂ 48ರ ಮೇಲೆ ಕೂತು ಬರುತ್ತೆ, ಅಲೆಯ ತುದೀಲಿ 150 ವೋಲ್ಟ್ ದಾಟುತ್ತೆ. ಆ ಹೊಡೆತಕ್ಕೆ ಹೆಚ್ಚಿನ ಸಲ ಕಿಲುಬಿನ ತೆಳ್ಳನೆ ಪದರ ಒಡೆದು ಜಾಯಿಂಟ್ ಹಿಡ್ಕೊಂಡ್ಬಿಡುತ್ತೆ, ಆಮೇಲೆ ಗಾಳಿಗೋ ತೇವಕ್ಕೋ ಮತ್ತೆ ಬಿಡುತ್ತೆ. ನಾವು ಫಾಲ್ಟ್ ಹುಡುಕೋಕೆ ಅಂತ ಮಾಡ್ತಿದ್ದ ಮೊದಲನೇ ಕೆಲಸಾನೇ ಫಾಲ್ಟನ್ನ ಮುಚ್ಚಿಡ್ತಿತ್ತು!

ಮಾರನೇ ದಿನ ಡೆಸ್ಕಿಗೆ ಹೇಳಿದೆ, ಈ ನಂಬರಿಗೆ ಯಾರೂ ರಿಂಗ್ ಕೊಡ್ಬೇಡಿ ಅಂತ. ಮನೆಗೆ ಹೋದಾಗ ಟೋನ್ ಸತ್ತಿತ್ತು. ರಿಸೀವರ್ ಎತ್ತಿಟ್ಟು ರೋಸೆಟಲ್ಲಿ ನೋಡಿದ್ರೆ ಒಂದೇ ಒಂದು ವೋಲ್ಟ್. ಸಿಕ್ತು ಅಂದ್ಕೊಂಡು ಡಿಪಿ (ಕೇಬಲ್ ಬಂದು ಮುಗಿಯೋ ಕಂಬದ ಮೇಲಿನ ಡಬ್ಬಿ) ಕಡೆ ಓಡಿದೆ. ಫೋನ್ ಎತ್ತಿಟ್ಟಿರೋವಾಗ್ಲೇ ಡಿಪಿಯಲ್ಲಿ ವೋಲ್ಟೇಜ್ ನೋಡ್ಬೇಕು, ಅಲ್ಲಿ 44ರ ಹತ್ತಿರ ಇದ್ರೆ ಅಲ್ಲೀ ತನಕ ಲೈನ್ ಸರಿ, ಫಾಲ್ಟ್ ಇರೋದು ಡಿಪಿಯಿಂದ ಮನೆಗೆ ಹೋಗೋ ಡ್ರಾಪ್ ವೈರಲ್ಲಿ, ಅಲ್ಲೂ ಒಂದೇ ಇದ್ರೆ ಎಕ್ಸ್‌ಚೇಂಜ್ ಕಡೆ ಕೇಬಲಲ್ಲಿ. ಏಣಿ ಹತ್ತಿ ಮುಚ್ಚಳ ತೆಗೆದು ಒಂದು ಕ್ಲಿಪ್ ಹಾಕಿ ಇನ್ನೊಂದು ಹಾಕ್ಬೇಕು, ಆಗ ಮೊಣಕೈ ತನಕ ಶಾಕ್ ಹೊಡೀತು. ರಿಂಗ್! ಡೆಸ್ಕಲ್ಲಿ ಡ್ಯೂಟಿ ಬದಲಾಗಿ ಹೊಸಬ್ರು ಪೆಂಡಿಂಗ್ ಡಾಕೆಟ್ ನೋಡಿ ರಿಂಗ್ ಕೊಟ್ಟಿದ್ರು. ಏಣಿ ಬಿಗಿಯಾಗಿ ಹಿಡ್ಕೊಂಡು ನಿಂತು ಮೀಟರ್ ನೋಡಿದ್ರೆ 14 ವೋಲ್ಟ್, ಫೋನ್ ಎತ್ತಿಟ್ಟಾಗ ಒಳ್ಳೆ ಲೈನಲ್ಲಿ ಬರೋದೇ ಅಷ್ಟು, ಲೈನ್ ಆರೋಗ್ಯವಾಗಿದೆ. ಫಾಲ್ಟ್ ಡಿಪಿಯಿಂದ ಈ ಕಡೆನಾ ಆ ಕಡೆನಾ ಗೊತ್ತಾಗೋ ಮುಂಚೆ ಮಾಯ. ಆ ಕಡೆ ಅಜ್ಜಂಗೆ ಖುಷಿ, "ಸರಿ ಆಯ್ತಲ್ಲ!" ಅಂತ. ಸರಿ ಆಗಿಲ್ಲ ಅಜ್ಜ ಅಂತ ಹೇಳೋದು ಕಷ್ಟ ಆಯ್ತು.

ಡಿಪಿಯಲ್ಲಿ ಬೇರೆ ಪೇರ್ (ಇನ್ನೊಂದು ಲೈನಿನ ಜೋಡಿ ತಂತಿ) ಹಿಡ್ದು ಡೆಸ್ಕಿಗೆ ಫೋನ್ ಮಾಡಿ ಜೋರಾಗೇ ಮಾತಾಡಿದೆ. ಆಮೇಲೆ ಕಾಯೋದೇ ಕೆಲಸ. ಎರಡೂ ಕ್ಲಿಪ್ ಡಿಪಿಗೆ ಕಚ್ಚಿಸಿ ಮೀಟರ್ ನೇತು ಹಾಕಿ ಕಂಬದ ಬುಡದಲ್ಲಿ ಕೊಡೆ ಹಿಡ್ದು ನಿಂತೆ. ಮೊಮ್ಮಗ ಆಗಾಗ ರಿಸೀವರ್ ಎತ್ತಿ ನೋಡ್ಬೇಕು, ಟೋನ್ ಇಲ್ದಿದ್ರೆ ಕೆಳಗಿಡದೆ ಕೂ ಹಾಕ್ಬೇಕು ಅಂತ ಮಾತಾಯ್ತು. ಮಧ್ಯಾಹ್ನದ ಮೇಲೆ ಗಾಳಿ ಮಳೆ ಎರಡೂ ಬಂತು, ತೋಟದ ಆ ಕಡೆಯಿಂದ ಕೂ ಕೇಳಿಸ್ತು. ಮೀಟರಲ್ಲಿ 44.

ಅಲ್ಲಿಂದ ಡ್ರಾಪ್ ವೈರ್ ಹಿಡ್ಕೊಂಡೇ ನಡೆದೆ. ಹಲಸಿನ ಮರದ ಹತ್ತಿರ ಒಂದು ಜಾಯಿಂಟ್, ಹಿಂದೆ ಕೊಂಬೆ ಬಿದ್ದಾಗ ಯಾರೋ ಕೈಯಲ್ಲೇ ತಿರುಚಿ ಕಪ್ಪು ಟೇಪ್ ಸುತ್ತಿದ್ದು. ಬಿಚ್ಚಿದ್ರೆ ನೀರು ಇಳೀತು. ಒಂದು ತಂತಿ ಕೆಂಪಗೆ ಹಂಗೇ ಇದೆ, ಇನ್ನೊಂದು ಹಸಿರು ಪುಡಿ ಆಗಿ ಕೂದಲಷ್ಟು ಉಳಿದಿದೆ. ಲೈನಿಗೆ ಮೈನಸ್ ಕೊಡೋದೇ ತಾಮ್ರ ಸವೆಯೋದು ಕಮ್ಮಿ ಆಗ್ಲಿ ಅಂತ, ಆದ್ರೆ ಎರಡು ತಂತಿ ಮಧ್ಯೆ ನೀರು ನಿಂತ್ರೆ ಪಾಸಿಟಿವ್ ಕಡೇದು ಕರಗ್ತಾ ಹೋಗುತ್ತೆ. ಹೊಳವಾದ ದಿನ ಒಣಗಿರುತ್ತೆ, ಮೆಗ್ಗರಿಗೆ ಕಾಣಲ್ಲ. ಒಳ್ಳೆ ತಂತಿ ಸಿಗೋ ತನಕ ಕತ್ತರಿಸಿ, ನೀರು ಹೋಗದ ಹಂಗೆ ಒಳಗೆ ಜೆಲ್ಲಿ ಇರೋ ಯುವೈ ಕನೆಕ್ಟರ್ (ತಂತಿ ಜೋಡಿಸೋ ಪುಟ್ಟ ಡಬ್ಬಿ) ಎರಡು ಹಾಕಿ ಒತ್ತಿದೆ. ಆಮೇಲೆ ಆ ಲೈನಿಂದ ಕಂಪ್ಲೇಂಟ್ ಬಂದಿಲ್ಲ.

ಈಗ ನನ್ನ ಬ್ಯಾಗಲ್ಲಿ 600 ಓಮ್ ರೆಸಿಸ್ಟರಿಗೆ ಎರಡು ಕ್ಲಿಪ್ ಬೆಸುಗೆ ಹಾಕಿ ಇಟ್ಕೊಂಡಿದೀನಿ. ಬರೀ ವೋಲ್ಟೇಜ್ ನೋಡಿ ಯಾವ ಲೈನನ್ನೂ ಓಕೆ ಅನ್ನಲ್ಲ, ರೆಸಿಸ್ಟರ್ ಮೂಲಕ ಲೂಪ್ ಮಾಡಿ ಕರೆಂಟ್ ನೋಡ್ತೀನಿ, 20 ಮಿಲಿಆಂಪಿಗಿಂತ ಕಮ್ಮಿ ಬಂದ್ರೆ ಅಲ್ಲಿಂದ ಕದಲಲ್ಲ. ಸಾಹೇಬ್ರಿಗೆ ಎರಡು ವಿಷಯ ಬರ್ದು ಕೊಟ್ಟಿದೀನಿ: ಡಾಕೆಟಲ್ಲಿ ಗಿರಾಕಿ ಮಾತು ಬರೆಯೋಕೆ ಒಂದು ಕಾಲಂ ಬೇಕು, ರಿಪೀಟ್ ಫಾಲ್ಟ್ ಅಂದ್ರೆ ಡೆಸ್ಕಿಂದ ರಿಂಗ್ ಟೆಸ್ಟ್ ಮಾಡೋ ಮುಂಚೆ ಲೈನ್‌ಮನ್‌ಗೆ ಒಂದು ಫೋನ್ ಮಾಡ್ಬೇಕು. ಕಾಲಂ ವಿಷಯ ಮೇಲಿನವ್ರ ಕೈಲಿದೆ ಅಂದ್ರು. ಫೋನ್ ಮಾಡೋ ವಿಷಯ ಮೇಲಿನವ್ರನ್ನ ಕೇಳೋ ಅಗತ್ಯ ಇಲ್ಲ, ಡೆಸ್ಕಲ್ಲಿ ಕೂರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಇವತ್ತಿಂದಾನೇ ಶುರು ಮಾಡಿ, ಕಂಬದ ಮೇಲೆ ಒಬ್ಬ ಇರ್ತಾನೆ.