ನಟನೆ ಅಂತ ನನಗೂ ಗೊತ್ತು

"ಇಷ್ಟು ಓದಿದೋರು ನೀವು, ಅದು ಬರೀ ನಟನೆ ಅಂತ ಗೊತ್ತಾಗಲ್ವಾ?"

ಮೂವತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಿರುವ ಮಾತು ಇದು. ನಾನು 'ಜನರಲ್ ಹಾಸ್ಪಿಟಲ್' ಅನ್ನುವ ಅಮೆರಿಕದ ಟೀವಿ ಧಾರಾವಾಹಿ ನೋಡುತ್ತೇನೆ. ಅದರಲ್ಲಿ ಯಾರಾದರೂ ಸತ್ತರೆ ಅಳುತ್ತೇನೆ, ಯಾರಾದರೂ ಮೋಸ ಮಾಡಿದರೆ ಟೀವಿ ಮುಂದೆ ಕೂತು ಬೈಯುತ್ತೇನೆ. ಇದು ನಮ್ಮ ಬಳಗಕ್ಕೆಲ್ಲ ಗೊತ್ತು. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತು. ನಟನೆ ಅಂತ ನಿಮಗಿಂತ ಚೆನ್ನಾಗಿ ಗೊತ್ತು. ವಾರಕ್ಕೆ ಐದು ದಿನ, 1978ರಿಂದ ದಿನಕ್ಕೆ ಒಂದು ಗಂಟೆಯ ಕಂತು. ಸಿನಿಮಾದವರ ಹಾಗೆ ಒಂದೇ ದೃಶ್ಯವನ್ನು ದಿನಗಟ್ಟಲೆ ತಿದ್ದುತ್ತಾ ಕೂರುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಯಾರು ಮಾತು ನುಂಗಿದರು, ಯಾರ ಕಣ್ಣಲ್ಲಿ ನೀರು ತಾನಾಗಿ ಬಂತು, ಎದುರಿನವರು ತಡವರಿಸಿದಾಗ ಯಾರು ಕೈಹಿಡಿದು ದಾಟಿಸಿದರು, ದಿನಾ ನೋಡುವವರಿಗೆ ಎಲ್ಲ ಕಾಣುತ್ತದೆ. ಒಂದು ಪಾತ್ರಕ್ಕೆ ಇದ್ದಕ್ಕಿದ್ದಂತೆ ಬೇರೆ ನಟಿ ಬಂದರೆ ನಾವು ಆರು ತಿಂಗಳು ಅವಳನ್ನು ಒಪ್ಪುವುದಿಲ್ಲ. ಪಾತ್ರವನ್ನೂ ನಟಿಯನ್ನೂ ಒಂದೇ ಅಂದುಕೊಂಡವರಾಗಿದ್ದರೆ ಹೊಸಬಳನ್ನು ಬೇಡ ಅನ್ನುವುದು ಹೇಗೆ?

ಕಲಸಿಕೊಳ್ಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಅನ್ನುವ ಇನ್ನೊಂದು ಧಾರಾವಾಹಿಯಲ್ಲಿ ಲೀಸಾ ಅನ್ನುವ ಕಿಲಾಡಿ ಹೆಂಗಸಿನ ಪಾತ್ರ ಮಾಡುತ್ತಿದ್ದ ಐಲೀನ್ ಫುಲ್ಟನ್‌ಗೆ ನ್ಯೂಯಾರ್ಕಿನ ಬೀದಿಯಲ್ಲಿ ಒಬ್ಬ ವೀಕ್ಷಕಿ ಹೊಡೆದೇಬಿಟ್ಟಿದ್ದಳು. ಅದು ತಪ್ಪು. ಆದರೆ ಆ ಒಬ್ಬಳ ಕತೆ ಹಿಡಿದುಕೊಂಡು ನಮ್ಮನ್ನೆಲ್ಲ ಪೆದ್ದರು ಅನ್ನಬೇಡಿ.

ನಾನು ನೋಡಲು ಶುರುಮಾಡಿದ್ದು 1994ರಲ್ಲಿ. ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಬಂದಿದ್ದೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ ಕರೆಯುತ್ತಿದ್ದರು. ಇಂಗ್ಲಿಷ್ ಓದಿ ಗೊತ್ತಿತ್ತೇ ಹೊರತು ಅಷ್ಟು ವೇಗವಾಗಿ ಆಡಿದ್ದು ಕಿವಿಗೆ ಹತ್ತುತ್ತಿರಲಿಲ್ಲ. ಯಾರು ಯಾರ ಅಣ್ಣ, ಯಾರ ಮೊದಲನೇ ಹೆಂಡತಿ ಯಾರು ಅಂತ ಅಜ್ಜಿ ಜಾಹೀರಾತು ಬರುವಾಗ ಹೇಳಿಕೊಡುತ್ತಿದ್ದರು.

ಆ ವರ್ಷವೇ ಬಿ.ಜೆ. ಸತ್ತದ್ದು. ಡಾಕ್ಟರ್ ಟೋನಿ ಜೋನ್ಸ್‌ನ ಪುಟ್ಟ ಮಗಳು. ಶಾಲೆಯ ಬಸ್ಸಿನ ಅಪಘಾತದಲ್ಲಿ ಮೆದುಳು ಸತ್ತುಹೋಗುತ್ತದೆ. ಅದೇ ಆಸ್ಪತ್ರೆಯಲ್ಲಿ ಟೋನಿಯ ತಮ್ಮನ ಮಗಳು ಮ್ಯಾಕ್ಸಿ ಹೃದಯ ಕೆಟ್ಟು ಮಲಗಿದ್ದಾಳೆ. ಟೋನಿ ಮಗಳ ಹೃದಯ ಕೊಡಲು ಒಪ್ಪುತ್ತಾನೆ. ಶಸ್ತ್ರಚಿಕಿತ್ಸೆ ಆದಮೇಲೆ ಮ್ಯಾಕ್ಸಿಯ ಹಾಸಿಗೆ ಹತ್ತಿರ ಬಂದು, ಬಗ್ಗಿ, ಅವಳ ಎದೆಯ ಮೇಲೆ ಕಿವಿ ಇಡುತ್ತಾನೆ. ಅಷ್ಟೇ. ಬ್ರ್ಯಾಡ್ ಮಾಲ್ ಅನ್ನುವ ನಟ ಅಲ್ಲಿ ಏನು ಮಾಡಿದ ಅಂತ ಇವತ್ತಿಗೂ ನನಗೆ ವಿವರಿಸಲು ಬರುವುದಿಲ್ಲ. ಮಗಳ ಎದೆಬಡಿತ ಇನ್ನೊಂದು ಮಗುವಿನೊಳಗೆ ಕೇಳಿಸಿಕೊಳ್ಳುವ ಅಪ್ಪನ ಮುಖ ಅದು. ನನಗೆ ಆ ದಿನ ಒಂದು ಪದವೂ ಬಿಟ್ಟುಹೋಗಲಿಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು.

ಆ ಶನಿವಾರ ಸ್ನೇಹಿತರ ಮನೆಯಲ್ಲಿ ಊಟ. ಹೇಳುತ್ತಾ ಹೇಳುತ್ತಾ ನನಗೆ ಮತ್ತೆ ಗಂಟಲು ಕಟ್ಟಿತು. ಒಬ್ಬರು ನಕ್ಕು, ಮೇಲೆ ಬರೆದ ಮಾತನ್ನು ಮೊದಲ ಸಲ ಹೇಳಿದರು. ಎಲ್ಲರೂ ನಕ್ಕರು. ನಾನು ಎದ್ದು ಅಡುಗೆಮನೆಗೆ ಹೋದೆ. 'ಇಷ್ಟು ಓದಿದೋರು' ಅನ್ನುವುದೇ ನನಗೆ ಆಗದ ಭಾಗ. ಓದಿದವರ ಎದೆ ಕಲ್ಲಾಗಬೇಕು ಅಂತ ಯಾವ ಶಾಲೆಯಲ್ಲಿ ಹೇಳಿಕೊಟ್ಟರು? ಇನ್ನು ಆ 'ಬರೀ' ಅನ್ನುವ ಪದ. ಟೋನಿ ಬಗ್ಗಿದ್ದು ಬರೀ ನಟನೆಯಲ್ಲ, ಒಳ್ಳೆಯ ನಟನೆ. ನಾನು ಅತ್ತದ್ದು ಅದಕ್ಕೆ.

ಈ ಮೂವತ್ತು ವರ್ಷದಲ್ಲಿ ಯಾರೂ ಕೇಳದ, ಕೇಳಿದ್ದರೆ ನಿಜಕ್ಕೂ ಕೂತು ಯೋಚಿಸಿ ಉತ್ತರ ಕೊಡುತ್ತಿದ್ದ ಪ್ರಶ್ನೆಯೊಂದಿದೆ. "ಲೂಕ್‌ನನ್ನು ನೀವೆಲ್ಲ ಹೇಗೆ ಕ್ಷಮಿಸಿದಿರಿ?"

ಲೂಕ್ ಸ್ಪೆನ್ಸರ್ ಮತ್ತು ಲಾರಾ ಈ ಧಾರಾವಾಹಿಯ ದೊಡ್ಡ ಜೋಡಿ. 1981ರ ನವೆಂಬರಿನಲ್ಲಿ ಅವರ ಮದುವೆಯ ಕಂತುಗಳು ಬಂದಾಗ ಸುಮಾರು ಮೂರು ಕೋಟಿ ಜನ ನೋಡಿದರು. ನವದಂಪತಿಗೆ ಶಾಪ ಹಾಕುವ ಹೆಲೆನಾ ಪಾತ್ರಕ್ಕೆ ಎಲಿಜಬೆತ್ ಟೇಲರ್ ಬಂದಿದ್ದರು. ಅಜ್ಜಿಯ ಹತ್ತಿರ ಅದರ ಟೇಪ್ ಇತ್ತು. ನಾನೂ ಎರಡು ಮೂರು ಸಲ ನೋಡಿದ್ದೆ. ನನಗೆ ಲೂಕ್ ಅಂದರೆ ಇಷ್ಟ. ಕೆದರಿದ ಕೂದಲು, ಕಳ್ಳನಗು, ಮಗ ಲಕ್ಕಿಯ ಮೇಲಿನ ಪ್ರಾಣ.

1998ರಲ್ಲಿ ಲಕ್ಕಿಗೆ ಒಂದು ಸತ್ಯ ತಿಳಿಯುತ್ತದೆ. ಅಪ್ಪ ಹಿಂದೊಮ್ಮೆ ಅಮ್ಮನ ಮೇಲೆ ಅತ್ಯಾಚಾರ ಮಾಡಿದ್ದ. ಕತೆಗಾಗಿ ಆಗ ಹೊಸದಾಗಿ ಹೆಣೆದದ್ದಲ್ಲ ಅದು. 1979ರ ಕಂತಿನಲ್ಲಿ, ಲೂಕ್ ಕೆಲಸ ಮಾಡುತ್ತಿದ್ದ ಡಿಸ್ಕೋದಲ್ಲಿ, ತೆರೆಯ ಮೇಲೇ ನಡೆದದ್ದು. ಆಮೇಲೆ ಕತೆ ಅದನ್ನು ಪ್ರೇಮ ಅಂತ ಕರೆದು ಮುಂದೆ ಹೋಯಿತು, ಜನರೂ ಹೋದರು. ಎರಡು ವರ್ಷಕ್ಕೆ ಮದುವೆ, ಮೂರು ಕೋಟಿ ಜನ.

ಅಪ್ಪ ಮಗ ಎದುರುಬದುರಾದ ಕಂತನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಲಕ್ಕಿಯ ಪಾತ್ರ ಮಾಡಿದ ಜೊನಾಥನ್ ಜ್ಯಾಕ್ಸನ್ ಆಗಿನ್ನೂ ಹುಡುಗ. ಅವನ ಕಣ್ಣಲ್ಲಿದ್ದ ಅಸಹ್ಯದ ಎದುರು ಲೂಕ್ ಆಗಿದ್ದ ಆಂಥನಿ ಗೀರಿ ನಿಂತ ರೀತಿ, ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾ ಸಿಗದೆ ಕುಸಿಯುವ ರೀತಿ, ಅಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಈ ಪಾತ್ರಕ್ಕೆ ಆ ಮನುಷ್ಯನಿಗೆ ಹಗಲಿನ ಟೀವಿ ಕಾರ್ಯಕ್ರಮಗಳಿಗೆ ಕೊಡುವ ಡೇಟೈಮ್ ಎಮ್ಮಿ ಪ್ರಶಸ್ತಿ ಒಟ್ಟು ಎಂಟು ಬಂದವು. ಎಂಟೂ ಸಲ್ಲಬೇಕಾದವೇ. ನನಗೆ ಸಂಕಟವಾಗುವುದೂ ಅಲ್ಲೇ. ಅವನು ಅಷ್ಟು ಚೆನ್ನಾಗಿ ಮಾಡದಿದ್ದರೆ ಲೂಕ್‌ನನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ಒಳ್ಳೆಯ ನಟನೆ ನಮ್ಮ ಕೈಯಿಂದ ಮಾಡಬಾರದ ಕೆಲಸ ಮಾಡಿಸಿತು. ಜೀನಿ ಫ್ರಾನ್ಸಿಸ್ ಲಾರಾಳಾಗಿ ಆ ದೃಶ್ಯ ಮಾಡಿದಾಗ ಆಕೆಗೆ ಹದಿನೇಳು ವರ್ಷ. ಅದನ್ನು ತಿಳಿದಮೇಲೆ ಮದುವೆಯ ಕಂತಿನಲ್ಲಿ ಆಕೆಯ ಮುಖವನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ.

ಆ ದಿನ ಕಂತು ಮುಗಿದಮೇಲೆ ಅಜ್ಜಿಯನ್ನು ಕೇಳಿದೆ. "ನೀವು ಆಗಲೂ ನೋಡ್ತಿದ್ರಿ. ನಿಮಗೆ ಗೊತ್ತಿತ್ತಲ್ವಾ?"

ಅವರು ಟೀವಿ ಆರಿಸಿದರು. "ಗೊತ್ತಿತ್ತು," ಅಂದರು. "ಅವನು ಅಳುತ್ತಿದ್ದ. ನಾನು ಅವನನ್ನೇ ನೋಡುತ್ತಾ ಕೂತೆ. ಅವಳ ಕಡೆ ನೋಡಲಿಲ್ಲ."

ಆಮೇಲೂ ಎಷ್ಟೋ ವರ್ಷ ದಿನಾ ಮೂರಕ್ಕೆ ಒಟ್ಟಿಗೆ ಕೂತೆವು. ಮದುವೆಯ ಟೇಪನ್ನು ಮಾತ್ರ ಅವರು ಮತ್ತೆ ಹಾಕಲಿಲ್ಲ, ನಾನೂ ಕೇಳಲಿಲ್ಲ.