ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹೇಳಿದ ಲೆಕ್ಕವನ್ನು ನಂಬೋದು ಹೇಗೆ?

"ದುಡ್ಡು ಕೊಡದೆ ಸಿಗೋ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡ್ತೀರಲ್ಲ, ಅದು ತಪ್ಪು ಉತ್ತರ ಕೊಟ್ರೆ ಯಾರನ್ನ ಕೇಳ್ತೀರಿ?" ನಾನು ಡೇಟಾ ಕೆಲಸಕ್ಕೆ ಪೈಥಾನ್, ಆರ್, ಆಕ್ಟೇವ್ ಅನ್ನುವ ಪುಕ್ಕಟೆ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಳಸುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ವಿದ್ಯಾರ್ಥಿಗಳು ಕೇಳುತ್ತಾರೆ, ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಿಂತ ಕಾಲಲ್ಲಿ ಉತ್ತರ ಹೇಳೋಕೆ ಆಗಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದು ಸಲ ನನಗೇ ಹೀಗಾಯಿತು. ಅದೇ ಡೇಟಾ, ಅದೇ ಕಂಪ್ಯೂಟರ್, ಆದರೆ ನಂಪೈ ಒಂದು ಉತ್ತರ ಕೊಟ್ಟಿತು, ಪಾಂಡಾಸ್ ಇನ್ನೊಂದು. ಎರಡೂ ಪೈಥಾನ್‌ನ ಲೈಬ್ರರಿಗಳು, ಅಂದರೆ ಲೆಕ್ಕಕ್ಕೆ ಅಂತ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಚಿಕ್ಕ ಅಂಕಿಗಳಲ್ಲಿ ನೀವೂ ಮಾಡಿ ನೋಡಬಹುದು: 2, 4, 4, 4, 5, 5, 7, 9. ಸರಾಸರಿ 5, ಅದರಲ್ಲಿ ತಕರಾರಿಲ್ಲ. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಕೇಳಿ. ನಂಪೈ 2 ಅನ್ನುತ್ತದೆ, ಪಾಂಡಾಸ್ 2.138 ಅನ್ನುತ್ತದೆ. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಅವತ್ತು ನಾನು ಎರಡರ ಸೋರ್ಸ್ ಕೋಡನ್ನೂ ತೆರೆದು ಓದಿದೆ. ಪ್ರತಿ ಅಂಕಿಯೂ ಸರಾಸರಿಯಿಂದ ಎಷ್ಟು ದೂರ ಇದೆ ಅಂತ ನೋಡಿ, ಆ ದೂರಗಳ ವರ್ಗಗಳನ್ನು ಕೂಡಿದರೆ 32 ಬರುತ್ತದೆ. ನಂಪೈ ಆ 32ನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆಯುತ್ತದೆ, ಪಾಂಡಾಸ್ 7ರಿಂದ ಭಾಗಿಸುತ್ತದೆ. ವ್ಯತ್ಯಾಸ ಅಷ್ಟೇ. ಇಡೀ ಗುಂಪಿನ ಅಂಕಿಗಳೇ ಕೈಯಲ್ಲಿದ್ದರೆ 8 ಸರಿ, ದೊಡ್ಡ ಗುಂಪಿನಿಂದ ಆರಿಸಿದ ಸ್ಯಾಂಪಲ್ ಆಗಿದ್ದರೆ 7 ಸರಿ. ಎರಡು ಲೈಬ್ರರಿಯೂ ತಪ್ಪು ಮಾಡಿರಲಿಲ್ಲ. ನಾವು ಏನೂ ಹೇಳದೆ ಇದ್ದಾಗ ಯಾವುದನ್ನು ಹಿಡಿಯಬೇಕು ಅನ್ನುವುದನ್ನು ಎರಡೂ ಬೇರೆ ಬೇರೆಯಾಗಿ ತೀರ್ಮಾನಿಸಿದ್ದವು, ಮತ್ತು ಅದನ್ನು ಬಚ್ಚಿಟ್ಟಿರಲಿಲ್ಲ. ಡಿಡಿಒಎಫ್ ಅನ್ನುವ ಆಯ್ಕೆಗೆ ನಾವೇ 0 ಕೊಟ್ಟರೆ ಎರಡೂ 8ರಿಂದ, 1 ಕೊಟ್ಟರೆ ಎರಡೂ 7ರಿಂದ ಭಾಗಿಸಿ ಒಂದೇ ಉತ್ತರ ಹೇಳುತ್ತವೆ.

ನನ್ನ ನಂಬಿಕೆ ಇರೋದು ಇಲ್ಲಿ. ಉತ್ತರ ವಿಚಿತ್ರವಾಗಿ ಕಂಡರೆ ಮುಚ್ಚಳ ತೆಗೆದು ಒಳಗೆ ನೋಡಬಹುದು.

ದುಡ್ಡು ಕೊಟ್ಟ ಮಾತ್ರಕ್ಕೆ ಲೆಕ್ಕ ಬೇರೆ ಆಗುತ್ತದೆ ಅಂದುಕೊಂಡವರಿಗೆ ಇನ್ನೊಂದು ಮಾತು. ನೂರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು ಅಂತಿಟ್ಟುಕೊಳ್ಳಿ. ನೀವು ದುಡ್ಡು ಕೊಟ್ಟು ಕೊಳ್ಳುವ ಮ್ಯಾಟ್‌ಲ್ಯಾಬ್‌ನಲ್ಲಿ ಮಾಡಿ, ಆಕ್ಟೇವ್‌ನಲ್ಲಿ ಮಾಡಿ, ನಂಪೈಯಲ್ಲಿ ಮಾಡಿ, ಆರ್‌ನಲ್ಲಿ ಮಾಡಿ, ಸಾಮಾನ್ಯವಾಗಿ ಆ ಕೆಲಸ ಕೊನೆಗೆ ಹೋಗಿ ಸೇರುವುದು ಲ್ಯಾಪ್ಯಾಕ್ ಹತ್ತಿರ. 1992ರಲ್ಲಿ ಹೊರಬಂದ, ಫೋರ್ಟ್ರಾನ್‌ನಲ್ಲಿ ಬರೆದ ಲೈಬ್ರರಿ ಅದು, ಯಾರು ಬೇಕಾದರೂ ಬಳಸಬಹುದು. ವೇಗಕ್ಕೆ ಅಂತ ಒಬ್ಬೊಬ್ಬರು ಅದನ್ನು ಒಂದೊಂದು ರೀತಿ ತಿದ್ದಿಕೊಂಡಿದ್ದಾರೆ ನಿಜ, ಆದರೆ ಬುನಾದಿ ಒಂದೇ. ದುಡ್ಡು ಕೊಟ್ಟವರಿಗೆ ಒಳ್ಳೆಯ ಸಹಾಯವಾಣಿ, ಚೆಂದದ ಕಿಟಕಿಗಳು, ಕೆಲವು ವಿಶೇಷ ಟೂಲ್‌ಬಾಕ್ಸ್‌ಗಳು ಸಿಗುತ್ತವೆ. ಬೇಕಾದವರು ಖಂಡಿತ ಕೊಳ್ಳಲಿ.

ಇವನ್ನೆಲ್ಲ ಬರೆದವರು ಯಾರು ಅನ್ನುವುದೂ ನನಗೆ ಮುಖ್ಯ. ಸುಮ್ನೆ ಬಿಡುವಿನ ವೇಳೆ ಕಳೆಯಲು ಬರೆದಿದ್ದಲ್ಲ. ಜಾನ್ ಹಂಟರ್ ಮೂರ್ಛೆರೋಗಿಗಳ ಮೆದುಳಿನ ಸಂಕೇತಗಳನ್ನು ಓದುತ್ತಿದ್ದ ನರವಿಜ್ಞಾನಿ. ಆ ಕೆಲಸಕ್ಕೆ ಬೇಕಾದ ಚಿತ್ರಗಳನ್ನು ಬರೆಯೋಕೆ ಅಂತ ಶುರುವಾದದ್ದು ಮ್ಯಾಟ್‌ಪ್ಲಾಟ್‌ಲಿಬ್. ಅವರು 2012ರಲ್ಲಿ ತೀರಿಕೊಂಡರು. ಮ್ಯಾಟ್‌ಪ್ಲಾಟ್‌ಲಿಬ್ ನಿಲ್ಲಲಿಲ್ಲ, ಬೇರೆಯವರು ಕೈಗೆತ್ತಿಕೊಂಡರು, ಇವತ್ತಿಗೂ ಬೆಳೆಯುತ್ತಿದೆ. ಕೋಡ್ ತೆರೆದಿತ್ತು, ಅದಕ್ಕೇ ಇದು ಸಾಧ್ಯವಾಯಿತು. ಆರ್ ಹುಟ್ಟಿದ್ದು ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರ ಕೈಯಲ್ಲಿ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ನೋಡಿದಿರಲ್ಲ, ಅದನ್ನು ಕಟ್ಟುವ ಕೆಲಸದಲ್ಲೂ ನಂಪೈ, ಸೈಪೈ ಅನ್ನುವ ಇನ್ನೊಂದು ಪೈಥಾನ್ ಲೈಬ್ರರಿ, ಮ್ಯಾಟ್‌ಪ್ಲಾಟ್‌ಲಿಬ್ ಇದ್ದವು.

ಹಾಗಂತ ಕಣ್ಣು ಮುಚ್ಚಿಕೊಂಡು ನಂಬಿ ಅಂತ ನಾನು ಹೇಳಲ್ಲ. ಸೈಕಿಟ್‌ಲರ್ನ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಲಾಜಿಸ್ಟಿಕ್ ರಿಗ್ರೆಷನ್ (ಹೌದೋ ಅಲ್ಲವೋ ಅನ್ನುವ ಉತ್ತರದ ಸಾಧ್ಯತೆ ಅಂದಾಜಿಸುವ ಲೆಕ್ಕ) ಮಾಡಿದರೆ, ನೀವು ಕೇಳದಿದ್ದರೂ ಅದು ಗುಣಾಂಕಗಳನ್ನು, ಅಂದರೆ ಒಂದೊಂದು ಅಂಶದ ಪ್ರಭಾವ ಎಷ್ಟು ಅಂತ ಹೇಳುವ ಸಂಖ್ಯೆಗಳನ್ನು, ಸ್ವಲ್ಪ ಸೊನ್ನೆಯ ಕಡೆಗೆ ಎಳೆಯುತ್ತದೆ. ಮುಂದೆ ಏನಾಗಬಹುದು ಅಂತ ಊಹಿಸುವ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಆರ್‌ನಲ್ಲಿ ಅದೇ ಲೆಕ್ಕ ಮಾಡುವ ಜಿಎಲ್‌ಎಂ ಹಾಗೆ ಎಳೆಯಲ್ಲ. ಎರಡರ ಗುಣಾಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಹೊಂದಲ್ಲ, ಕೈಪಿಡಿ ಓದದವರು ಇಲ್ಲಿ ಬೀಳುತ್ತಾರೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ.

ಇನ್ನು ಯಾರನ್ನು ಕೇಳೋದು ಅನ್ನುವ ಮಾತು. ಬಗ್ ಸಿಕ್ಕಿತು ಅನ್ನಿಸಿದರೆ ಅದನ್ನು ತೋರಿಸುವ ನಾಲ್ಕು ಸಾಲಿನ ಕೋಡ್ ಬರೆದು, ಆ ಲೈಬ್ರರಿಯ ದೂರುಗಳ ಪಟ್ಟಿಗೆ ಹಾಕಬೇಕು. ಅಲ್ಲಿ ಹಳೆಯ ದೂರುಗಳೂ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತವೆ, ನಿಮ್ಮದಕ್ಕೆ ಉತ್ತರ ಆಗಲೇ ಇರಲೂಬಹುದು. ಆದರೆ ಇಂಥ ದಿನವೇ ಸರಿ ಮಾಡಿಕೊಡುತ್ತೇವೆ ಅನ್ನುವ ಭರವಸೆ ಯಾರೂ ಕೊಡಲ್ಲ. ಎಷ್ಟೋ ಜನ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಇವುಗಳಿಂದ ಜಾಸ್ತಿ ಲಾಭ ಪಡೆಯುವ ಸಂಸ್ಥೆಗಳು ಇಂಥವರಿಗೆ ಹಣ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ನಮ್‌ಫೋಕಸ್ ಅನ್ನುವ ಲಾಭರಹಿತ ಸಂಸ್ಥೆ ಇದೆ.

ಕೊನೆಗೆ ವರ್ಷನ್ ವಿಷಯ. ನಂಪೈ 1.0 ಬಂದದ್ದು 2006ರಲ್ಲಿ, 2.0 ಬಂದದ್ದು 2024ರಲ್ಲಿ. ಹದಿನೆಂಟು ವರ್ಷದ ಮೇಲೆ ಬಂದ ಆ ವರ್ಷನ್‌ನಲ್ಲಿ ಕೆಲವು ನಿಯಮ ಬದಲಾದವು. 32 ಬಿಟ್‌ನ ಒಂದು ನಂಪೈ ದಶಮಾಂಶ ಸಂಖ್ಯೆಗೆ (ಬಿಟ್ ಹೆಚ್ಚಿದ್ದಷ್ಟೂ ಸಂಖ್ಯೆಯ ನಿಖರತೆ ಹೆಚ್ಚು) ಪೈಥಾನ್‌ನ 3.0 ಕೂಡಿಸಿದರೆ ಮೊದಲು 64 ಬಿಟ್‌ನ ಉತ್ತರ ಬರುತ್ತಿತ್ತು, ಈಗ 32 ಬಿಟ್‌ನಲ್ಲೇ ಉಳಿಯುತ್ತದೆ. ಅಂದರೆ ಕೋಡ್ ಒಂದಕ್ಷರ ಬದಲಾಗದೆ ಉತ್ತರದ ಕೊನೆಯ ಅಂಕಿಗಳು ಬದಲಾಗಬಹುದು. ಅದಕ್ಕೇ ನಾನು ಯಾವ ವರದಿ ಕೊಟ್ಟರೂ ಜೊತೆಗೆ ಒಂದು ಫೈಲ್ ಇಡುತ್ತೇನೆ, ಯಾವ ಲೈಬ್ರರಿ, ಯಾವ ವರ್ಷನ್ ಅಂತ ಸಾಲಾಗಿ ಬರೆದು. ಎರಡು ವರ್ಷ ಬಿಟ್ಟು ಯಾರಾದರೂ "ಈ ಸಂಖ್ಯೆ ಎಲ್ಲಿಂದ ಬಂತು?" ಅಂದರೆ, ಅವವೇ ವರ್ಷನ್‌ಗಳನ್ನು ಹಾಕಿಕೊಂಡು ಅವರ ಎದುರಿಗೇ ಮತ್ತೆ ಓಡಿಸಿ ತೋರಿಸಬಹುದು.